ಬೋರಲಿಟ್ಟ ಕಪ್

ಮುಂದಿನ ರೈಲಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಅತ್ತಿಗೆ, ನಾದಿನಿ ಇಬ್ಬರೂ ಸ್ಟೇಷನ್ನಿನ ಬೆಂಚಿನ ಮೇಲೆ ತೂಕಡಿಸಿಕೊಂಡು ಕೂರಬಹುದಿತ್ತು. ಆದರೆ ಅತ್ತಿಗೆ ಹಟ ಹಿಡಿದು ಈ ದಾರಿಯ ರೈಲು ಆರಿಸಿದ್ದೇ ಸ್ಟೇಷನ್ನಿನ ಎದುರಿಗಿರುವ ದೊಡ್ಡ ಹೋಟೆಲಿಗಾಗಿ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಹಳೇ ಕ್ರಮದಲ್ಲಿ ಟೀ ಕೊಡುತ್ತಾರಂತೆ. ಆಕೆಗೆ ಬೇಕಾಗಿದ್ದದ್ದು ಟೀ ಅಲ್ಲ, ಕಪ್.

ಆಕೆಯ ಅಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಪ್ಪುಗಳಿಗೆ ಚಿನ್ನದ ಅಂಚು ಬರೆದವಳು. ತಿರುಗುವ ಚಕ್ರದ ಮೇಲೆ ಕಪ್ ಇಟ್ಟು ಕುಂಚವನ್ನು ಅಲುಗದಂತೆ ಹಿಡಿಯಬೇಕು. ಗೆರೆ ಒಂದು ಸುತ್ತು ಹೋಗಿ ತಾನು ಹುಟ್ಟಿದ ಜಾಗಕ್ಕೇ ಬಂದು ಸೇರಬೇಕು. ಬರೆದವರು ಯಾರೆಂದು ತಿಳಿಯಲಿ ಅಂತ ತಳದಲ್ಲಿ ಒಬ್ಬೊಬ್ಬರದೂ ಒಂದೊಂದು ಗುರುತು. ಅಮ್ಮನದು ಎರಡು ನೀಲಿ ಚುಕ್ಕೆ. ಕೊನೆಗೊಂದು ದಿನ ಮೇಸ್ತ್ರಿಯೊಬ್ಬ, ಅವನ ಬಾಯಿಗೆ ಮಣ್ಣು ಬೀಳ, ಎಲ್ಲರೆದುರು, "ನಿನ್ನ ಚಿನ್ನ ನಿಲ್ಲಲ್ಲ ಕಣಮ್ಮಾ, ಎರಡೇ ವರ್ಷಕ್ಕೆ ಉದುರುತ್ತೆ" ಅಂದು ಅವಳನ್ನು ಮನೆಗೆ ಕಳಿಸಿಬಿಟ್ಟ. ಅಮ್ಮ ಸಾಯುವವರೆಗೂ ಅದೇ ಕೊರಗು. "ನಿಜವಾಗ್ಲೂ ಉದುರಿರುತ್ತೇನೇ?" ಅಂತ ಮಗಳನ್ನು ಕೇಳುತ್ತಿದ್ದಳು. ಮಗಳೂ ಅಮ್ಮನ ಪಕ್ಕದಲ್ಲೇ ಕೂತು ಅದೇ ಕೆಲಸ ಕಲಿತಿದ್ದಳು, ಅದರಲ್ಲೇ ತಲೆ ನೆರೆಯಿತು. ಆದರೆ ಉತ್ತರ ಎಲ್ಲಿಂದ ತರಬೇಕು? ಅಮ್ಮ ಬರೆದದ್ದೆಲ್ಲ ಪೆಟ್ಟಿಗೆ ತುಂಬಿ ಈ ಹೋಟೆಲಿಗೆ ಬಂದಿತ್ತು, ಮನೆಗೆ ಒಂದೂ ಬಂದಿರಲಿಲ್ಲ.

ಒಳಗೆ ಕಾಲಿಟ್ಟದ್ದೇ ಇಬ್ಬರೂ ತಲೆ ಎತ್ತಿದರು. ಅಬ್ಬಬ್ಬಾ, ಅದೇನು ಎತ್ತರ! ಚಾವಣಿ ನೋಡಲು ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಬೇಕು. ಆಳೆತ್ತರದ ಕಿಟಕಿಗಳಿಂದ ಬಂದ ಬಿಸಿಲು ಒಂದು ಸುಕ್ಕೂ ಇಲ್ಲದ ಬಿಳಿ ಮೇಜುಬಟ್ಟೆಗಳ ಮೇಲೆ ಮಲಗಿತ್ತು. ಅಷ್ಟು ಜನ ಕೂತಿದ್ದರೂ ಚಮಚದ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

"ಅತ್ತಿಗೆ, ಇಲ್ಲಿ ಕೆಮ್ಮಬಹುದಾ?" ನಾದಿನಿ ಪಿಸುಗುಟ್ಟಿದಳು.

"ಬಂದ್ರೆ ನುಂಗ್ಕೋ."

ಬಿಳಿ ಕೋಟು ತೊಟ್ಟ ವಯಸ್ಸಾದ ಸರ್ವರ್ ಮೂರಂತಸ್ತಿನ ತಟ್ಟೆಯೊಂದನ್ನು ತಂದಿಟ್ಟ. ಕೆಳಗೆ ಸೌತೆಕಾಯಿ ಇಟ್ಟ ತೆಳ್ಳನೆ ಬ್ರೆಡ್ಡು, ನಡುವೆ ಬಿಸಿ ಬನ್ನು, ಮೇಲೆ ಬೆರಳುದ್ದದ ಕೇಕು. "ಇದನ್ನ ತಿನ್ನೋದಾ, ನೋಡೋದಾ?" ಅಂತ ನಾದಿನಿ ಕಣ್ಣರಳಿಸಿದಳು. ಅತ್ತಿಗೆಯ ಕಣ್ಣು ಅತ್ತ ಹೋಗಲೇ ಇಲ್ಲ. ಟೀ ಬಗ್ಗಿಸುವ ಮುಂಚೆಯೇ ಕಪ್ಪನ್ನು ಸಾಸರಿನ ಮೇಲೆ ಬೋರಲು ಹಾಕಿ ತಳ ನೋಡಿದಳು. ಚುಕ್ಕೆ ಇಲ್ಲ. ನಾದಿನಿಯದನ್ನೂ ಬೋರಲು ಹಾಕಿದಳು. ಅದೂ ಹೊಸ ಮಾಲು. ಎದ್ದು ಹೋಗಿ ಪಕ್ಕದ ಖಾಲಿ ಮೇಜಿನ ನಾಲ್ಕನ್ನೂ ಬೋರಲು ಹಾಕಿ ಬಂದಳು.

ಸರ್ವರ್ ಬಂದವನೇ ಕಪ್ ಎತ್ತಿದ, ಟೀ ಪಾತ್ರೆ ಎತ್ತಿದ, ಮೂರಂತಸ್ತಿನ ತಟ್ಟೆಗೂ ಕೈ ಹಾಕಿದ.

"ಅಯ್ಯೋ! ಒಂದು ತುತ್ತೂ ಬಾಯಿಗಿಟ್ಟಿಲ್ಲ ಕಣ್ರೀ!" ನಾದಿನಿ ತಟ್ಟೆಯ ಬುಡವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಕಪ್ ಬೋರಲಿಟ್ರೆ ಇಲ್ಲಿ ಸಾಕು ಅಂತ ಅರ್ಥ ಅಮ್ಮಾ," ಅಂದ ಆತ ಗಲಿಬಿಲಿಯಿಂದ.

ಅತ್ತಿಗೆಗೆ ನಾಚಿಕೆಯಿಂದ ಭೂಮಿಗಿಳಿದು ಹೋದ ಹಾಗಾಯಿತು. ಕಾರ್ಖಾನೆಯಲ್ಲಿ ಕಪ್ ಕೈಗೆ ಬಂದರೆ ಮೊದಲು ಮಾಡುವ ಕೆಲಸವೇ ಅದು. ನಲವತ್ತು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ತಡವರಿಸುತ್ತಾ ಎಲ್ಲವನ್ನೂ ಹೇಳಿದಳು: ಅಮ್ಮ, ಚುಕ್ಕೆ, ಮೇಸ್ತ್ರಿಯ ಮಾತು. ಆತ ಪೂರ್ತಿ ಕೇಳಿಸಿಕೊಂಡು ಒಳಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ನಾದಿನಿ ಹೆದರಿಕೆಗೆ ಎರಡು ಬನ್ನು ಖಾಲಿ ಮಾಡಿದಳು.

ಕೊನೆಗೆ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಕಪ್ ಇತ್ತು.

"ನಾನು ಕೆಲಸಕ್ಕೆ ಸೇರಿದಾಗ ಇಂಥವು ರಾಶಿ ಇದ್ವು ಅಮ್ಮಾ. ಎಷ್ಟೋ ಒಡೆದ್ವು. ಉಳಿದವುಗಳ ಚಿನ್ನ ತೊಳೆದೂ ತೊಳೆದೂ ಹೊರಟೋಯ್ತು. ಹನ್ನೊಂದು ಮಾತ್ರ ಹಾಗೇ ನಿಂತಿವೆ. ಯಾಕೆ ಅಂತ ನಮಗ್ಯಾರಿಗೂ ತಿಳೀಲಿಲ್ಲ. ಬಿಸಾಕೋಕೆ ಮನಸ್ಸು ಬರದೆ ಬೀರುವಿನಲ್ಲಿಟ್ವಿ. ಹನ್ನೊಂದರ ತಳಾನೂ ಈಗ ನೋಡ್ಬಂದೆ. ಎಲ್ಲದರಲ್ಲೂ ಒಂದೇ ಗುರುತು."

ಆಕೆ ಕಪ್ ತಿರುಗಿಸಿದಳು. ಎರಡು ನೀಲಿ ಚುಕ್ಕೆ.

ಆಮೇಲೆ ಅಂಚಿನ ಮೇಲೆ ಉಗುರು ಆಡಿಸಿದಳು. ಗೆರೆ ಶುರುವಾದ ಜಾಗ, ಮುಗಿದ ಜಾಗ ಸೇರುವಲ್ಲಿ ಎಂಥ ಕೆಲಸಗಾರರದ್ದಾದರೂ ಕೂದಲೆಳೆಯಷ್ಟು ಉಬ್ಬು ಇದ್ದೇ ಇರುತ್ತದೆ. ತಾನು ಬರೆದದ್ದರಲ್ಲೂ ಇರುತ್ತಿತ್ತು. ಒಂದು ಸುತ್ತು ಹುಡುಕಿದಳು, ಇನ್ನೊಂದು ಸುತ್ತು, ಮತ್ತೊಂದು. ಊಹೂಂ, ಸಿಗಲಿಲ್ಲ. ಆ ಕೈ ಎಲ್ಲಿ ಶುರು ಮಾಡಿತ್ತೋ, ಎಲ್ಲಿ ನಿಲ್ಲಿಸಿತ್ತೋ! ತನ್ನ ಪಕ್ಕದಲ್ಲೇ ಕೂತು ಬುತ್ತಿ ಹಂಚಿಕೊಂಡ ಅಮ್ಮ ಇಷ್ಟು ದೊಡ್ಡವಳೇ? ಚಿನ್ನ ಸ್ವಲ್ಪ ತೆಳುವಾಗಿದ್ದದ್ದು ಒಂದೇ ಕಡೆ, ಕುಡಿಯುವವರು ತುಟಿ ಇಡುವ ಜಾಗದಲ್ಲಿ.

"ಉದುರಿಲ್ಲಮ್ಮಾ," ಅಂದಳು, ಎದುರಿಗೆ ಅಮ್ಮನೇ ಕೂತಿದ್ದಾಳೆ ಅನ್ನುವ ಹಾಗೆ. ನಾದಿನಿ ತನ್ನ ಕರವಸ್ತ್ರ ಮುಂದೆ ಚಾಚಿದಳು.

ಸರ್ವರ್ ಆ ಕಪ್ಪಿಗೇ ಟೀ ಬಗ್ಗಿಸಿದ. ಆಕೆ ಆ ತೆಳುವಾದ ಜಾಗಕ್ಕೇ ತುಟಿಯಿಟ್ಟು, ತಳದ ಹನಿಯವರೆಗೂ ನಿಧಾನವಾಗಿ ಕುಡಿದಳು. ಕುಡಿದು, ಸಾಸರಿನ ಮೇಲೆ ಬೋರಲು ಹಾಕಿದಳು. ಎರಡು ಚುಕ್ಕೆಯ ಮೇಲೆ ಬಿಸಿಲು ಬಿತ್ತು.

ಸರ್ವರ್ ಅಭ್ಯಾಸಬಲದಿಂದ ಕೈ ಚಾಚಿ, ಅಲ್ಲೇ ನಿಲ್ಲಿಸಿದ. "ಸಾಕಾ ಅಮ್ಮಾ?"

"ಟೀ ಸಾಕು," ಅಂದಳು. "ಇದು ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಇರ್ಲಿ."