ಕುಬುಸದವರೆಗೆ ಮುಚ್ಚಿಟ್ಟ ಮಾತು

ಏಳನೇ ತಿಂಗಳಲ್ಲಿ ಅನಿತಾಳ ಬಿಪಿ ಏರಿತು. ಹೊಕ್ಕುಳಬಳ್ಳಿಯಲ್ಲಿ ರಕ್ತ ಸರಿಯಾಗಿ ಹರಿಯುತ್ತಿಲ್ಲ, ಕೂಸು ಬೆಳೆಯುತ್ತಿಲ್ಲ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡಿತು. ಹೊನ್ನಾಳಿಯ ಡಾಕ್ಟರ್ ಶಿವಲೀಲಾ ಅವಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಬೇಗ ಹುಟ್ಟಿದರೂ ಕೂಸಿನ ಶ್ವಾಸಕೋಶಕ್ಕೆ ಬಲವಿರಲೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಮತ್ತೆ ಸ್ಕ್ಯಾನ್ ಮಾಡಿದಾಗ ರಕ್ತದ ಹರಿವು ಸುಧಾರಿಸಿತ್ತು.

ಡಾಕ್ಟರು ಅನಿತಾಳ ಗಂಡ ನಿಂಗರಾಜನನ್ನೂ ತಾಯಿ ಕಸ್ತೂರಮ್ಮನನ್ನೂ ಒಳಗೆ ಕರೆದು ಮಾತಾಡಿದರು. ನಿಂಗರಾಜ ನಗುತ್ತಾ ಹೊರಬಂದ.

"ರಕ್ತ ಚೆನ್ನಾಗಿ ಹರೀತೈತಂತೆ. ಮನೆಗೆ ಹೋಗಾಣ ನಡಿ."

ಅನಿತಾ ತಾಯಿಯ ಮುಖ ನೋಡಿದಳು. ಕಸ್ತೂರಮ್ಮ ಚೀಲಕ್ಕೆ ಬಟ್ಟೆ ತುಂಬುತ್ತಾ, "ಹೂಂ ಕಣವ್ವಾ," ಎಂದಳು.

ಸವಳಂಗದ ಗಂಡನ ಮನೆಯ ಮುಂದೆ ಸೀಮಂತದ ಕುಬುಸಕ್ಕೆ ಚಪ್ಪರ ಎದ್ದಿತ್ತು. ಸಂತೇಬೆನ್ನೂರಿನಿಂದ ತವರಿನವರೆಲ್ಲ ಬಂದರು. ಹಸಿರು ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು ಕುಳಿತ ಅನಿತಾ, ಉಡಿ ತುಂಬಿದವರಿಗೆಲ್ಲ "ಕೂಸು ಈಗ ಚೆನ್ನಾಗೈತೆ" ಎಂದು ತಾನೇ ಹೇಳಿದಳು.

ಮರುದಿನ ಬೆಳಿಗ್ಗೆ ಕೂಸಿನ ಮಿಸುಕಾಟ ನಿಂತಿತ್ತು.

ಹೊನ್ನಾಳಿಯಲ್ಲಿ ಸ್ಕ್ಯಾನ್ ಮಾಡುತ್ತಲೇ ಶಿವಲೀಲಾ ಸಿಟ್ಟಾದರು. "ಕೂಸಿನ ಎದೆಬಡಿತ ನಿಧಾನ ಆಗೈತೆ. ಆ ಇಂಜೆಕ್ಷನ್‌ಗೆ ಹರಿವು ಸ್ವಲ್ಪ ದಿನ ಸುಧಾರಿಸಿದಂಗೆ ಕಾಣ್ತೈತೆ ಅಷ್ಟೆ, ನಂಬಬೇಡ್ರಿ, ಇವತ್ತೇ ದಾವಣಗೆರೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ರಿ ಅಂತ ಅವತ್ತೇ ಹೇಳಿದ್ನಲ್ರೀ!"

"ಯಾರಿಗೆ ಹೇಳಿದ್ರಿ?" ಅನಿತಾ ಕೇಳಿದಳು.

ನಿಂಗರಾಜ ತಲೆ ತಗ್ಗಿಸಿದ. "ನೆಂಟರನ್ನೆಲ್ಲಾ ಕರ್ದಾಗಿತ್ತು. ಕುಬುಸ ಮುಗಿಸ್ಕೊಂಡು ಹೋದ್ರಾತು ಅಂದ್ಕೊಂಡೆ."

"ಅವ್ವಾ, ನಿಂಗೂ ಗೊತ್ತಿತ್ತಾ?"

"ನೀನು ಹೆದರ್ಕೊಂತೀಯಾ ಅಂತ..."

ಗಂಡನ ಮಾತಿಗೆ ಬಾರದ ಕಣ್ಣೀರು ತಾಯಿಯ ಮಾತಿಗೆ ಬಂತು. ಇಬ್ಬರೂ ಸೇರಿ ನೆಂಟರ ಮುಂದೆ ತನ್ನ ಬಾಯಿಂದಲೇ ಸುಳ್ಳು ಹೇಳಿಸಿದ್ದರು. ದಾವಣಗೆರೆ ಮುಟ್ಟುವವರೆಗೂ ಅವಳು ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ತಾಯಿ ಹಿಡಿಯಲು ಬಂದರೆ ತಾಯಿಯ ಕೈಯನ್ನು ಸರಿಸಿದಳು.

ಅಂದೇ ಸಿಸೇರಿಯನ್ ಆಯಿತು. ಹೆಣ್ಣು ಕೂಸು, ಹಿಡಿಯಷ್ಟೇ ಇತ್ತು. ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿತು. ಕಸ್ತೂರಮ್ಮ ದಿನಾ ತಂದ ಊಟವನ್ನು ಅನಿತಾ ಎದೆಹಾಲು ಬರಲೆಂದು ಉಂಡಳು, ಮಾತಾಡಲಿಲ್ಲ.

ಮನೆಗೆ ಕಳಿಸುವ ದಿನ ಅಲ್ಲಿನ ಡಾಕ್ಟರು, ಕೂಸನ್ನು ಹೇಗೆ ನೋಡಿಕೊಳ್ಳಬೇಕೆಂದು ನಿಂಗರಾಜನಿಗೆ ಹೇಳತೊಡಗಿದರು.

"ಸಾರ್, ನನಗೆ ಹೇಳ್ರಿ," ಎಂದಳು ಅನಿತಾ.

ಡಾಕ್ಟರು ಅವಳ ಕಡೆ ತಿರುಗಿ ಮೊದಲಿನಿಂದ ಹೇಳಿದರು. ಕೇಳಿ ಮುಗಿದ ಮೇಲೆ ಅವಳು ಕೂಸನ್ನು ಎದೆಗವಚಿಕೊಂಡು, ಕರೆಯಲು ಬಂದಿದ್ದ ಅಕ್ಕ ಲಕ್ಷ್ಮಿದೇವಿಯ ಜೊತೆ ಅವಳ ಊರಾದ ಜಗಳೂರಿನ ಬಸ್ಸು ಹತ್ತಿದಳು.