ಬಿಡಿಸಿದಲ್ಲಿಂದ

ಗೆಜ್ಜೆಯ ಸದ್ದು ಇನ್ನೂ ಕೇಳುತ್ತಿದೆಯೋ, ಕೇಳುತ್ತಿದೆ ಅಂದುಕೊಂಡಿದ್ದೇನೋ, ಜಟಕಾ ಇಷ್ಟು ಹೊತ್ತಿಗೆ ಇರ್ವಿನ್ ರಸ್ತೆಗೆ ಹೊರಳಿರಬೇಕು, ಇದು ಬೇರೆ ಯಾವುದೋ ಕುದುರೆಯದ್ದು, ದಸರಾದ ಈ ದಿನಗಳಲ್ಲಿ ಲಷ್ಕರ್ ಮೊಹಲ್ಲಾದ ತುಂಬ ಜಟಕಾಗಳೇ, ಪರಊರಿನ ಜನ, ಪೀಪಿ ಊದುವ ಮಕ್ಕಳು — ಆದರೂ ಕಿವಿ ಆ ಒಂದೇ ಜಟಕಾದ ಹಿಂದೆ ಹೋಗುತ್ತಿದೆ, ಅದರೊಳಗೆ ಇಬ್ಬರೂ ಒತ್ತೊತ್ತಿ ಕೂತಿದ್ದಾರೆ, ಇವರಿಗೆ, ನನ್ನ ಗಂಡನಿಗೆ, ಬಲಗಡೆಯ ಮೊಣಕಾಲು ಮಡಿಸಲಾಗದು, ಚಾಚಿಕೊಂಡೇ ಕೂತಿರುತ್ತಾರೆ, ಮಧ್ಯಾಹ್ನ ಬಂದ ಆ ಹುಚ್ಚಣ್ಣ ಚೀಲವನ್ನು ಎದೆಗೆ ಅವುಚಿಕೊಂಡು, ನಂಜನಗೂಡಿನ ಸಂಜೆ ರೈಲು ಸಿಗುತ್ತದೋ ಇಲ್ಲವೋ, ಸಿಗದಿದ್ದರೆ ವಾಪಸ್ ಕರೆದುಕೊಂಡು ಬನ್ನಿ ಎಂದು ಇವರಿಗೆ ಹೇಳಬೇಕಿತ್ತು. ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೇನೆ. ಎಮ್ಮೆ ತಿರುಗಿ ತಿರುಗಿ ನೋಡುತ್ತಿದೆ, ಕರೆಯುವ ಹೊತ್ತು ಮೀರುತ್ತಿದೆ, ಲಕ್ಷ್ಮೀಪುರದ ಮನೆಗಳಿಗೆ ಹಾಲು ಹೋಗಬೇಕು, ಏಳು ಚಾಮುಂಡಿ, ಏಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಮೈ ಕೇಳುತ್ತಿಲ್ಲ.

ನೋಡಬೇಕಿತ್ತು ಕಣಮ್ಮ — ಈ ಮಾತನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೆ. ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತರೆ ಸೌದೆ ಡಿಪೋದ ಮುದುಕ, ಬಳೆ ತೊಡಿಸಲು ಬಂದ ಬಳೆಗಾರ, ಎಲ್ಲರೂ ಅದನ್ನೇ, ನಿನ್ನ ಗಂಡನ್ನ ಆ ಕಾಲದಲ್ಲಿ ನೋಡಬೇಕಿತ್ತು, ರುದ್ರಸ್ವಾಮಿ ಪೈಲ್ವಾನ್ರು ಗರಡಿ ಬಾಗಿಲಿಂದ ಹೊರಗೆ ಬಂದ್ರೆ ಜನ ತಾವಾಗೇ ಎರಡು ಕಡೆ ಸರಿದು ನಿಲ್ಲೋರು, ಬೆನ್ನಿನ ಮೇಲೆ ನೀರು ಹಾಕಿದ್ರೆ ನಿಲ್ತಿರಲಿಲ್ಲ, ಜಾರೋದು, ಅಂತ. ನಾನು ಸೆರಗು ಎಳೆದುಕೊಂಡು ನಗುತ್ತಿದ್ದೆ. ನಾನು ಕಂಡ ಬೆನ್ನು ಬೇರೆ. ಪ್ರತಿ ಶನಿವಾರ ಹರಳೆಣ್ಣೆ ಬಿಸಿ ಮಾಡಿ ತಿಕ್ಕುವ ಬೆನ್ನು, ಎಡಭುಜದ ಕೆಳಗೆ ಒಂದು ಗಂಟು, ಅಲ್ಲಿ ಹೆಬ್ಬೆರಳು ಒತ್ತಿದರೆ ಉಸಿರು ಹಿಡಿಯುತ್ತಾರೆ, ನೋವಾ ಎಂದರೆ ಇಲ್ಲ ಎನ್ನುತ್ತಾರೆ, ಎಮ್ಮೆಗೂ ನನಗೂ ಒಂದೇ ಮೆತ್ತನೆಯ ದನಿ. ಬಾಗಿಲು ದಾಟುವಾಗ ತಲೆ ಬಗ್ಗಿಸುತ್ತಾರೆ — ಬಗ್ಗಿಸುವ ಅಗತ್ಯವೇ ಇಲ್ಲ ಈಗ, ಬೆನ್ನೇ ಬಾಗಿದೆ, ಆದರೂ ಬಗ್ಗಿಸುತ್ತಾರೆ, ಆ ಎತ್ತರದ ಗಂಡಸು ಇನ್ನೂ ಒಳಗೆಲ್ಲೋ ನಿಂತಿದ್ದಾನೆ, ಅವನ ತಲೆ ತಾಗೀತು ಅನ್ನುವ ಹಾಗೆ. ಹಾಗೆ ಬಗ್ಗಿದಾಗಲೆಲ್ಲ ನಾನು ಕೆಲಸ ನಿಲ್ಲಿಸಿ ನೋಡಿದ್ದೇನೆ, ಅವನು ಕಂಡಾನೇನೋ ಎಂದು. ಕಂಡಿದ್ದಿಲ್ಲ.

ಅವನನ್ನು ಕಂಡವನು ಅಪ್ಪ. ನನಗಿನ್ನೂ ಹೆಸರಿಟ್ಟಿರಲಿಲ್ಲವಂತೆ, ಹಸಿ ಬಾಣಂತಿಯನ್ನು ಬಿಟ್ಟು ಹಿನಕಲ್‌ನಿಂದ ನಡೆದುಕೊಂಡು ದಸರಾ ಕುಸ್ತಿಗೆ ಹೋದ, ಅಮ್ಮ ಇವತ್ತಿಗೂ ಅದನ್ನು ಆಡಿಕೊಳ್ಳುತ್ತಾಳೆ, ಹಬ್ಬದ ರಜೆಗೆ ಹೋಗಿರುವ ನನ್ನ ಮಗಳ ಮುಂದೆಯೂ ಈಗ ಆಡುತ್ತಿರುತ್ತಾಳೆ. ಅಪ್ಪ ಚಾಮಯ್ಯ, ಹೊಲ ಬಿಟ್ಟರೆ ಬೇರೆ ಮಾತು ಗೊತ್ತಿಲ್ಲದ ಮನುಷ್ಯ, ಆ ಸಂಜೆಯ ವಿಷಯ ಬಂದರೆ ಮಾತ್ರ ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಎದ್ದು ನಿಲ್ಲುತ್ತಿದ್ದ. ಅರಮನೆ ಮುಂದೆ, ಮೈಸೂರಿನ ರುದ್ರಸ್ವಾಮಿಗೂ ನಂಜನಗೂಡಿನ ಹುಚ್ಚಣ್ಣನಿಗೂ ಜೋಡಿ, ಹೊತ್ತು ಇಳೀತಾ ಇತ್ತು ಕಣವ್ವ, ಹುಚ್ಚಣ್ಣ ಬೋರಲು ಬಿದ್ದು ಕಾಲ್ಬೆರಳು ಅಖಾಡದ ಮಟ್ಟಿ ಮಣ್ಣಿಗೆ ನೆಟ್ಬುಟ್ಟವ್ನೆ, ಬೇರು ಬಿಟ್ಟಂಗೆ, ಇವ್ನು ಹಿಂದಿಂದ ಸೊಂಟ ಹಿಡಿದವ್ನೆ, ಎತ್ತಿ ಮಗುಚಿದ್ರೆ ಮುಗೀತು, ಎತ್ತಾನಾ, ಎತ್ತಾನಾ ಅಂತ ಜನ ಉಸ್ರು ಬುಡ್ತಿಲ್ಲ — ಅಷ್ಟರಲ್ಲಿ ಕತ್ತಲಾಯ್ತು ಅಂತ ಹಿರೀಕರು ಬಂದು ಬಿಡಿಸ್ಬುಟ್ರು, ಸಮ ಅಂದ್ಬುಟ್ರು. ಅಲ್ಲಿಗೆ ಅಪ್ಪ ಕೂರುತ್ತಿದ್ದ, ಅನ್ನ ಆರಿರುತ್ತಿತ್ತು. ಎತ್ತುತ್ತಿದ್ದ ಎಂದು ಮೈಸೂರಿನವರು, ಹುಚ್ಚಣ್ಣನ ಕಾಲು ಕೀಳಲು ಯಾರಿಂದಲೂ ಆಗುತ್ತಿರಲಿಲ್ಲ ಎಂದು ನಂಜನಗೂಡಿನವರು, ಸಂತೆಯಲ್ಲಿ, ರೈಲಿನಲ್ಲಿ, ಮದುವೆ ಪಂಕ್ತಿಯಲ್ಲಿ, ನಾನು ದೊಡ್ಡವಳಾದೆ, ಆ ಜಗಳ ಮುಗಿದಿರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ನನ್ನ ಮದುವೆ. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ, ಮೊಣಕಾಲು ಹೋಗಿ ಕುಸ್ತಿ ಬಿಟ್ಟು ಎಮ್ಮೆ ಕಟ್ಟಿಕೊಂಡಿದ್ದ ಮನುಷ್ಯನಿಗೆ ಕೊಡುತ್ತೇನೆ ಎಂದಾಗ ಅಮ್ಮ ಒಲೆಯ ಮುಂದೆ ಕೂತು ಅತ್ತಳು, ಅವರಿಗೂ ನಿನಗೂ ಒಂದೇ ವಯಸ್ಸಲ್ಲವಾ ಎಂದು ಅಪ್ಪನನ್ನು ಕೇಳಿದಳು. ನೀನು ಅವನನ್ನ ನೋಡಿಲ್ಲ, ಅದಕ್ಕೇ ಅಳ್ತೀಯ, ಅಂದ ಅಪ್ಪ. ನೋಡಿದವನು ಅಪ್ಪ, ಬಾಳಬೇಕಾದವಳು ನಾನು. ಅಪ್ಪ ನನ್ನನ್ನು ಕೊಟ್ಟದ್ದು ಆ ಸಂಜೆಯ ಗಂಡಿಗೆ, ಬಾಸಿಂಗ ಕಟ್ಟಿಕೊಂಡು ಕುಂಟುತ್ತಾ ಬಂದು ಪಕ್ಕದಲ್ಲಿ ಕೂತವರು ಇವರು. ದೂರಲಾರೆ, ಒಂದು ದಿನ ಗದರಿದವರಲ್ಲ, ನನಗೆ ಜ್ವರ ಬಂದಾಗ ರಾತ್ರಿಯಿಡೀ ಕಾಲು ಹಿಡಿದು ಕೂತವರು — ಆದರೂ ಊರೆಲ್ಲ ಕಂಡದ್ದನ್ನು ನಾನು ಮಾತ್ರ ಕಂಡಿಲ್ಲ ಎಂಬ ಕಸಿವಿಸಿ, ನನ್ನ ಮನೆಯ ದೇವರನ್ನು ಬೀದಿಯವರು ನೋಡಿ ಹೋಗಿ, ನಾನು ಒಳಬರುವಷ್ಟರಲ್ಲಿ ಬಾಗಿಲು ಹಾಕಿದ ಹಾಗೆ. ಮೊದಲ ವರ್ಷ ಒಮ್ಮೆ ಕೇಳಿದೆ, ಆವತ್ತು ಎತ್ತುತ್ತಿದ್ದಿರಾ ಎಂದು. ಇವರು, ಕರು ಕಟ್ಟಿದ್ದೀಯಾ ನೋಡು, ಅಂದರು. ಮತ್ತೆ ಕೇಳಲಿಲ್ಲ.

ಲಕ್ಷ್ಮೀಪುರದ ಶಾಮಣ್ಣ ಮೇಷ್ಟ್ರು ಒಬ್ಬರಿದ್ದಾರೆ, ನಮ್ಮ ಹಾಲು ಹೋಗುವ ಮನೆ, ಪಾತ್ರೆ ಹಿಡಿದು ಗೇಟಿಗೆ ಬಂದರೆ ಆ ಕುಸ್ತಿಯನ್ನು ಅವರಷ್ಟು ಚೆನ್ನಾಗಿ ಹೇಳುವವರಿಲ್ಲ, ಮಣ್ಣಿನ ವಾಸನೆ ಬರುವ ಹಾಗೆ, ಇವರ ಕುತ್ತಿಗೆಯ ನರ ಎಲ್ಲಿ ಉಬ್ಬಿತ್ತು ಎನ್ನುವವರೆಗೆ. ಒಂದು ದಿನ ನಾನು, ನೀವು ಎಲ್ಲಿ ನಿಂತಿದ್ರಿ ಮೇಷ್ಟ್ರೆ, ಹತ್ತಿರದಲ್ಲೇನಾ, ಎಂದು ಕೇಳಿಬಿಟ್ಟೆ. ಅವರ ಮುಖ ಇಳಿದುಹೋಯಿತು. ಆವತ್ತು ನನಗೆ ದಡಾರ ಆಗಿತ್ತು ಕಣಮ್ಮ, ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ, ಅಣ್ಣ ಬಂದು ಹೇಳಿದ್ದು, ಅಂದರು, ತಪ್ಪಿಸಿಕೊಂಡ ಆ ಸಂಜೆ ನಿನ್ನೆಯದೋ ಅನ್ನುವ ಹಾಗೆ ಕಣ್ಣು ತುಂಬಿಕೊಂಡಿತ್ತು. ಆವತ್ತಿನಿಂದ ಅವರಿಗೆ ಅಳತೆಯ ಮೇಲೆ ಒಂದು ಚೂರು ಹಾಲು ಹೆಚ್ಚಿಗೆ ಹಾಕುತ್ತೇನೆ. ಈಗ ಗೇಟಿನ ಹತ್ತಿರ ಬಂದು ದಾರಿ ನೋಡುತ್ತಿರುತ್ತಾರೆ. ಅವರಿಗೆ ಹೇಳಲೇ, ಇವತ್ತು ನಾನು ಕಂಡದ್ದನ್ನು. ಹೇಗೆ ಹೇಳುವುದು.

ಮಧ್ಯಾಹ್ನ ಬಾಗಿಲಲ್ಲಿ ನಿಂತವನನ್ನು ನಾನು ಹಳೇ ಬಟ್ಟೆ ಕೇಳಲು ಬಂದವನೆಂದುಕೊಂಡೆ. ಅಂಗಿ ಮೈಮೇಲೆ ನೇತುಹಾಕಿದಂತಿತ್ತು, ಕೆನ್ನೆ ಒಳಗೆ ಸೇರಿತ್ತು. ರುದ್ರ ಅವ್ನಾ ತಾಯಿ ಎಂದ. ಈ ಮನೆಯಲ್ಲಿ ಇವರನ್ನು ರುದ್ರ ಎಂದು ಕರೆಯುವವರು ಯಾರೂ ಉಳಿದಿಲ್ಲ. ಆಗ ಅವನ ಕಿವಿ ನೋಡಿದೆ, ಮುದುರಿಕೊಂಡ ಕಿವಿ, ಇವರದ್ದರ ಹಾಗೇ, ಗರಡಿಯಲ್ಲಿ ತಲೆಗೆ ತಲೆ ಉಜ್ಜಿ ಉಜ್ಜಿ ಆಗುವ ಕಿವಿ. ನಾನು ಹುಚ್ಚಣ್ಣ ಕಣವ್ವ, ನಂಜನಗೂಡು. ಇವನಾ, ಅಪ್ಪ ಎಂಜಲು ಕೈಯಲ್ಲಿ ಎದ್ದು ನಿಂತು ತೋರಿಸುತ್ತಿದ್ದ ಆ ಗುಡ್ಡ. ಇವರು ಒಳಗಿಂದ ಬಂದರು, ನಿಂತರು, ಅವನ ತೋಳು ಹಿಡಿದುಕೊಂಡು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು, ಸಂತೆಯಲ್ಲಿ ದನದ ಮೈ ನೋಡುವ ಹಾಗೆ, ಮತ್ತೆ ಬಿಟ್ಟುಬಿಟ್ಟರು. ಊಟಕ್ಕೆ ಹಾಕಿದೆ. ನಾಲ್ಕು ತುತ್ತು ತಿಂದು ಕೈ ತೊಳೆದ. ಹೊಟ್ಟೇಲಿ ಗಡ್ಡೆ ಅಂದವ್ರೆ ದೊಡ್ಡಾಸ್ಪತ್ರೇಲಿ, ಬೇಸಿಗೆ ಕಾಣೋದು ಕಷ್ಟವಂತೆ ಎಂದು ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ. ಇವರು ಎಮ್ಮೆಯ ವಿಷಯ ತೆಗೆದರು, ಹಿಂಡಿಯ ವಿಷಯ ತೆಗೆದರು. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಒಂದ್ಸಲ ಹಿಡ್ಕೊ ರುದ್ರ, ಅಂದ. ಆವತ್ತು ಎಲ್ಲಿ ಬಿಡಿಸಿದ್ರೋ ಅಲ್ಲಿಂದ. ಅದೊಂದು ಗೊತ್ತಾಗ್ಬುಟ್ರೆ ಸಾಕು ನಂಗೆ.

ಇವರು ಆಗಲ್ಲ ಎಂದರು. ಈ ಮೈಯಲ್ಲಿ ಬೇಡ ಕಣೋ, ಸುಮ್ನೆ ಮಲಕ್ಕೊ. ಅವನು ನನ್ನ ಕಡೆ ತಿರುಗಿದ, ನೀವಾದ್ರೂ ಹೇಳಿ ತಾಯಿ ಎಂದ, ಇವರೂ ನನ್ನ ಕಡೆ ನೋಡಿದರು, ಬೇಡ ಅನ್ನು ಎಂದು ಆ ಕಣ್ಣಲ್ಲಿ ಬರೆದಿತ್ತು, ಕಾಯಿಲೆಯ ಮನುಷ್ಯ, ಏನಾದರೂ ಆದರೆ ಯಾರು ಹೊಣೆ, ಬೇಡ ಅನ್ನಬೇಕು, ಅನ್ನುವುದೇ ಸರಿ — ಹಿಡ್ಕೊಳ್ಳಿ, ಅಂದೆ ನಾನು. ನನ್ನ ದನಿ ನನಗೇ ಹೊಸದು. ಅವನಿಗಾಗಿ ಅಂದೆನೋ ನನಗಾಗಿ ಅಂದೆನೋ, ಈಗ ಕೂತು ಯೋಚಿಸಿದರೆ ಎರಡೂ ಒಂದೇ ಆಗಿ ಕಾಣುತ್ತದೆ. ಇವರು ನನ್ನ ಮುಖವನ್ನೇ ನೋಡಿದರು, ಇಷ್ಟು ವರ್ಷ ಇದನ್ನ ಇಟ್ಕೊಂಡಿದ್ದೆಯಾ ಅನ್ನುವ ಹಾಗೆ, ಆಮೇಲೆ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಅಲ್ಲೇ, ಆ ನುಗ್ಗೆ ಗಿಡದ ಪಕ್ಕ, ಮೊನ್ನೆಯ ಮಳೆಗೆ ಮಣ್ಣು ಮೆತ್ತಗಿದೆ. ಇಬ್ಬರೂ ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡರು. ಒಂದು ಹಿಡಿ ಮಣ್ಣು ತೆಗೆದು ಇವರು ಅವನ ಭುಜಕ್ಕೆ ಸವರಿದರು, ಅವನು ಇವರ ಭುಜಕ್ಕೆ, ಆ ಗಂಟಿನ ಮೇಲೆ, ನಾನು ಎಣ್ಣೆ ತಿಕ್ಕುವ ಜಾಗದಲ್ಲಿ. ಹುಚ್ಚಣ್ಣ ಮೊಣಕಾಲೂರಿ, ಅಂಗೈ ಊರಿ, ಕಾಲ್ಬೆರಳನ್ನು ಒಂದೊಂದಾಗಿ ಮಣ್ಣಿಗೆ ನೆಟ್ಟ. ಇವರು ಹಿಂದಿನಿಂದ ಬಂದು ಸೊಂಟಕ್ಕೆ ಕೈ ಸುತ್ತಿದರು, ಬೆರಳಿಗೆ ಬೆರಳು ಕೊಂಡಿ ಹಾಕಿದರು, ಕಣ್ಣು ಮುಚ್ಚಿದರು. ಆಗ — ಬೀದಿಯ ಪೀಪಿಯ ಸದ್ದು ಎಲ್ಲಿ ಹೋಯಿತೋ, ಎಮ್ಮೆ ಮೆಲುಕು ನಿಲ್ಲಿಸಿತೋ ಅಥವಾ ನನಗೆ ಹಾಗನಿಸಿತೋ, ಬಾಗಿದ ಆ ಬೆನ್ನು ಉಸಿರೆಳೆದುಕೊಂಡು ಅಗಲವಾಗುತ್ತಾ ಹೋಯಿತು, ಎರಡು ಕಡೆ ರೆಕ್ಕೆಮೂಳೆ ಸರಿದು ನಡುವೆ ಒಂದು ಕಾಲುವೆ ಮೂಡಿತು, ಕುತ್ತಿಗೆಯ ನರ ಮೇಷ್ಟ್ರು ಹೇಳಿದಲ್ಲೇ ಉಬ್ಬಿತು, ಬಿಸಿಲು ಆ ಬೆನ್ನಿನ ಮೇಲೆ ಬಿದ್ದು ನಿಲ್ಲದೆ ಜಾರಿತು, ಅಪ್ಪಾ, ನೋಡಿದೆ, ನಾನೂ ನೋಡಿದೆ, ಜನಜಂಗುಳಿಯಲ್ಲಿ ಅಲ್ಲ, ಹತ್ತು ತಲೆಗಳ ಸಂದಿಯಿಂದ ಅಲ್ಲ, ಕೈಗೆಟಕುವ ದೂರದಲ್ಲಿ, ಅವನ ಅಂಗಿಯನ್ನು ನನ್ನ ಎದೆಗೆ ಅವುಚಿಕೊಂಡು, ಇಪ್ಪತ್ತೆಂಟರ ವಯಸ್ಸಿನ ಆ ಗಂಡಸು ನನ್ನ ಹಿತ್ತಿಲಲ್ಲಿ. ಸಾಕಿತ್ತು. ಅಷ್ಟಕ್ಕೇ ಹಿರಿಯರು ಯಾರಾದರೂ ಬಂದು ಬಿಡಿಸಬೇಕಿತ್ತು.

ಎತ್ತಿದರು. ಇಷ್ಟು ವರ್ಷ ಕೂಡಿಟ್ಟ ಬಲವನ್ನೆಲ್ಲ ಹಾಕಿ, ಆ ಹಳೆಯ ಗುಡ್ಡವನ್ನು ಕೀಳುವವರಂತೆ ಎತ್ತಿದರು, ಹುಚ್ಚಣ್ಣ ಖಾಲಿ ಗೋಣಿಯ ಹಾಗೆ ಬಂದುಬಿಟ್ಟ, ಇವರು ಹಿಂದಕ್ಕೆ ತತ್ತರಿಸಿ ಹೇಗೋ ಸಾವರಿಸಿಕೊಂಡು ನಿಂತರು. ನಿಂತೇ ಇದ್ದರು. ಕಣ್ಣು ತೆರೆದಿದ್ದರು, ಆ ಕಣ್ಣು, ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು ಅದಿಲ್ಲದೆ ಬೆಚ್ಚಿದವರ ಕಣ್ಣು, ಅವನನ್ನು ಎಲ್ಲಿಡಬೇಕೋ ತಿಳಿಯದೆ ಎದೆಗೆ ಒತ್ತಿ ಹಿಡಿದುಕೊಂಡೇ ಇದ್ದರು, ಕೆಳಗೆ ಹುಚ್ಚಣ್ಣನ ಕಾಲುಗಳು, ಕಡ್ಡಿಯಂಥ ಕಾಲುಗಳು, ನೆಲದಿಂದ ಒಂದು ಗೇಣು ಮೇಲೆ, ಬೆರಳು ಬಿಚ್ಚಿಕೊಂಡು ಮಣ್ಣನ್ನು ಹುಡುಕುತ್ತಾ.

ಆಮೇಲೆ ಇಳಿಸಿದರು, ಮೆಲ್ಲಗೆ, ಈ ಮೆಟ್ಟಿಲ ಮೇಲೆ ಕೂರಿಸಿದರು, ನಾನು ನೀರು ತಂದೆ. ಹುಚ್ಚಣ್ಣ ಏದುಸಿರಿನ ನಡುವೆಯೂ ನಗುತ್ತಿದ್ದ, ಎತ್ಬುಟ್ಟೆ ಕಣೋ ರುದ್ರ, ಅಂಗಾದ್ರೆ ಆವತ್ತೂ ಎತ್ತಿರ್ತಿದ್ದೆ, ಗೊತ್ತಾಯ್ತು ಬುಡು, ಎಂದ. ಇವರು ಅವನ ಕಾಲಿನ ಮಣ್ಣು ಒರೆಸುತ್ತಾ ತಲೆ ಎತ್ತಲಿಲ್ಲ. ಇಲ್ಲ ಕಣೋ, ಆವತ್ತು ನನ್ನ ಕೈಲಿ ಆಗ್ತಿರಲಿಲ್ಲ, ಅಂದರು. ನನ್ನ ಕೈ ಬಿಟ್ಟೋಗಿತ್ತು, ಅಷ್ಟೊತ್ತಿಗೆ ಬಂದು ಬಿಡಿಸಿದ್ರು, ನಾನು ಉಳ್ಕೊಂಡೆ. ನಿಜವೋ, ಸಾಯುವವನ ಕೈಗೆ ಇಟ್ಟ ಮಾತೋ, ನನಗೆ ಗೊತ್ತಿಲ್ಲ, ಹುಚ್ಚಣ್ಣನಿಗೂ ಗೊತ್ತಾಗಲಿಲ್ಲ, ಇವರ ಮುಖವನ್ನೇ ನೋಡುತ್ತಾ ಕೂತ, ನಗು ಹಾಗೇ ನಿಂತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು, ಇವರು ಜಟಕಾ ಕರೆದುಕೊಂಡು ಬರಲು ಹೋದರು, ಬಾಗಿಲಲ್ಲಿ ತಲೆ ಬಗ್ಗಿಸಲಿಲ್ಲ.

ರೈಲು ಕೂಗಿತೇ. ಕೂಗಿತು. ಸಿಕ್ಕಿರಬೇಕು. ಇವರು ಒಬ್ಬರೇ ನಡೆದುಕೊಂಡು ಬರುತ್ತಾರೆ, ಕೈ ತೊಳೆಯಲು ನೀರು ಕೊಡುತ್ತೇನೆ, ಏನೂ ಕೇಳುವುದಿಲ್ಲ, ಕೇಳುವುದು ಏನೂ ಉಳಿದಿಲ್ಲ. ಮೇಷ್ಟ್ರೇ, ನಾನು ನೋಡಿದೆ, ಎನ್ನಲೇ, ಬೆನ್ನು ಹೀಗಿತ್ತು, ನರ ಹೀಗಿತ್ತು, ಅಲ್ಲಿಯವರೆಗೆ ಹೇಳಬಹುದು, ಅವರು ಕಣ್ಣರಳಿಸಿ ಕೇಳುತ್ತಾರೆ, ಆಮೇಲೆ ಎತ್ತಿದರಾ ಎಂದು ಕೇಳುತ್ತಾರೆ, ಎತ್ತಿದರು ಅನ್ನಬೇಕು, ಎತ್ತಿದರು, ಎತ್ತಿ — ಅಪ್ಪ ಇದ್ದಿದ್ದರೆ ಅವನೂ ಕೇಳುತ್ತಿದ್ದ, ಎಂಜಲು ಕೈಯಲ್ಲಿ ನಿಂತು, ಆಮೇಲೆ ಏನಾಯ್ತವ್ವ, ಆಮೇಲೆ ಅಪ್ಪ, ಆಮೇಲೆ, ಎಮ್ಮೆ ಕರೆಯಬೇಕು, ಏಳಬೇಕು, ಆಮೇಲೆ ಕಾಲುಗಳು, ಒಂದು ಗೇಣು ಮೇಲೆ, ಬೆರಳು ಬಿಚ್ಚಿಕೊಂಡು, ಮಣ್ಣಿಗೆ ತಾಗದೆ, ಕಾಲುಗಳು —