ದೋಣಿಗೆ ನೀರು ತುಂಬಿದ್ದು

ಮಗ ಗುರುಲಿಂಗನನ್ನು ಹೊಲದಲ್ಲಿ ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ. ಡೆಂಗಿ ಜ್ವರ ಅವನನ್ನು ಬಹಳ ದಿನ ಕಾಡದೆ ಕರೆದುಕೊಂಡು ಹೋಗಿತ್ತು. ಹುಮನಾಬಾದಿನ ಮಾಣಿಕನಗರದಲ್ಲಿರುವ ನನ್ನ ಅಕ್ಕ ಪಾರ್ವತಿಬಾಯಿ ಬಸವಕಲ್ಯಾಣದ ನಮ್ಮ ಮನೆಗೆ ಬಂದಳು. ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ದೋಣಿಯನ್ನು ಕಂಡು, ಒಳಗೆ ಬರುವ ಮೊದಲೇ ಹೇಳಿದಳು:

“ಬಸಣ್ಣಾ, ಇದು ಒಂದ್ ವರ್ಷ ನೀರಿಗೆ ಇಳೀಬಾರದು. ನಿನ್ನ ಸೊಸಿನೂ ಹೊಸ್ತಿಲಾ ದಾಟಬಾರದು. ಸಾವಾದ ಮನಿ ಇದು.”

ಸೊಸೆ ಸ್ನೇಹಲ್ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆ ಮಾತಿಗೆ ಅವಳು ತಲೆ ತಗ್ಗಿಸಿದ್ದು ನನಗೆ ಸಹಿಸಲಾಗಲಿಲ್ಲ.

“ಅಕ್ಕಾ, ನಮ್ಮ ಕೊರಳಾಗ ಲಿಂಗ ಐತಿ. ಲಿಂಗ ಕಟ್ಟಿದವರಿಗೆ ಸಾವಿನ ಸೂತಕ ಇಲ್ಲ. ಈ ಮಾತು ಹೇಳಿದ್ದು ಬ್ಯಾರೆ ಊರಾಗಲ್ಲ, ಇದೇ ಕಲ್ಯಾಣದಾಗ.”

“ಹೇಳಾಕ ಛಂದ. ಮಂದಿ ಏನ್ ಅಂತಾರ?”

“ಮಂದಿಗೆ ಅಂಜಿ ಶರಣರು ಮನ್ಯಾಗ ಕೂತಿದ್ರ, ನೀನೂ ನಾನೂ ಕೊರಳಾಗ ಏನ್ ಕಟ್ಕೊಂತಿದ್ವಿ?”

“ಹಂಗಾರ ಕೇಳು. ಈ ದೋಣಿ ನೀರಿಗೆ ಇಳಿದ ದಿನ ನನಗ ತವರುಮನಿ ಮುಗೀತು.”

ಸ್ನೇಹಲ್ ಚಾಚಿದ ತಂಬಿಗೆಯನ್ನು ಮುಟ್ಟದೆ ಅಕ್ಕ ಹಿಂದಿರುಗಿದಳು.

ಅದು ಮೀನು ಹಿಡಿಯುವ ದೋಣಿಯಲ್ಲ. ದೋಣಿಗೆ ಉದ್ದನೆಯ ಹಗ್ಗ ಕಟ್ಟಿ, ಅದರ ತುದಿ ಹಿಡಿದು, ಕಾಲಿಗೆ ಹಲಗೆ ಬಿಗಿದುಕೊಂಡು, ಹಿಂದೆ ಏಳುವ ಅಲೆಯ ಮೇಲೆ ಹಾರುವ ಒಂದು ಆಟವಿದೆ. ಅದಕ್ಕೆ ವೇಕ್‌ಬೋರ್ಡಿಂಗ್ ಎನ್ನುತ್ತಾರೆ. ಉಮರ್ಗಾದ ಹುಡುಗಿ ಸ್ನೇಹಲ್ ಪುಣೆಯ ಕಡೆಯ ಒಂದು ಕ್ಲಬ್ಬಿನಲ್ಲಿ ಅದನ್ನು ಕಲಿಸುತ್ತಿದ್ದಳು. ಗುರುಲಿಂಗ ಅಲ್ಲಿಯೇ ಇಂಜಿನ್ ರಿಪೇರಿ ಮಾಡುತ್ತಿದ್ದ. ಕ್ಲಬ್ ಮುಚ್ಚಿದಾಗ ಇಬ್ಬರೂ ಹಳೆಯ ದೋಣಿಯೊಂದನ್ನು ಕೊಂಡು ಊರಿಗೆ ತಂದರು. ಊರ ಹೊರಗಿನ ದೊಡ್ಡ ಕೆರೆಯಲ್ಲಿ ಮಕ್ಕಳಿಗೆ ಕಲಿಸಲು ಅನುಮತಿಯೂ ಸಿಕ್ಕಿತ್ತು. ಆದರೆ ದೋಣಿ ಹಗುರ. ಅಲೆ ದೊಡ್ಡದಾಗಿ ಏಳಬೇಕಾದರೆ ದೋಣಿಯ ಹಿಂಭಾಗ ನೀರಿನಲ್ಲಿ ಕುಸಿದು ಸಾಗಬೇಕು. ಅದಕ್ಕಾಗಿ ಒಳಗೆ ಚೀಲಗಳಲ್ಲಿ ನೀರನ್ನೇ ತುಂಬಿ ಭಾರ ಮಾಡುತ್ತಾರಂತೆ. ಆ ಸಾಧನವನ್ನು ಗುರುಲಿಂಗ ತಾನೇ ಮಾಡಿಕೊಳ್ಳಲು ಹೊರಟಿದ್ದ. ಅಷ್ಟರಲ್ಲಿ ಜ್ವರ ಬಂತು.

ದೋಣಿ ತಾಡಪತ್ರಿಯ ಕೆಳಗೆ ಉಳಿದರೆ ಸ್ನೇಹಲಳೂ ಒಳಕೋಣೆಯಲ್ಲಿ ಉಳಿಯುತ್ತಾಳೆ. ಒಂದು ವರ್ಷವೆಂದು ಕೂತವಳು ಮತ್ತೆ ಏಳುವುದಿಲ್ಲ. ಅಂಥವರನ್ನು ನಾನು ನನ್ನ ಓಣಿಯಲ್ಲಿಯೇ ಕಂಡಿದ್ದೇನೆ. ಮರುದಿನ ಮುಂಜಾನೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹೋಗಿ ತಾಡಪತ್ರಿ ಎಳೆದು ಹಾಕಿದೆ.

“ಮಾವಾರ, ಅತ್ತಿಯವರು ಬ್ಯಾಡ ಅಂದಾರಲ್ರಿ” ಎಂದಳು ಸ್ನೇಹಲ್.

“ನೀ ಏನ್ ಅಂತಿ ಅದನ್ನ ಹೇಳವ್ವ.”

ಅವಳು ದೋಣಿಯ ಅಂಚನ್ನು ಸವರಿದಳು. “ಅವರು ತರಿಸಿದ್ದ ಪಂಪ್ ಬಂದೈತ್ರಿ. ನೀರಿನ ಚೀಲ ಅಷ್ಟ ಇಲ್ಲ” ಎಂದಳು.

ಹುಮನಾಬಾದಿನಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟಿರುವ ಕಾಸಿಂ ಗುರುಲಿಂಗನ ಬಾಲ್ಯದ ಗೆಳೆಯ. ಕರೆದ ಕೂಡಲೇ ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಎರಡು ಟ್ಯೂಬುಗಳನ್ನು ಬೈಕಿನ ಮೇಲೆ ಹೇರಿಕೊಂಡು ಬಂದ. ಅವಕ್ಕೆ ದಪ್ಪ ನಳಿಕೆ ಬೆಸೆದು, ದೋಣಿಯ ಹಿಂಬದಿಯ ಎರಡೂ ಪಕ್ಕದ ಪೆಟ್ಟಿಗೆಗಳಲ್ಲಿ ಮಡಚಿ ಇಟ್ಟೆವು. ಪಂಪಿನಿಂದ ಅವಕ್ಕೆ ಪೈಪು ಹೋಯಿತು. ಇನ್ನು ಕೆರೆಯ ನೀರು ಪಂಪಿಗೆ ಬರಲು ದೋಣಿಯ ತಳಕ್ಕೆ ತೂತು ಕೊರೆದು, ಹಿತ್ತಾಳೆಯ ವಾಲ್ವ್ ಕೂರಿಸಬೇಕಾಗಿತ್ತು.

ಎಲ್ಲಿ ಕೊರೆಯಬೇಕೆಂದು ಗುರುಲಿಂಗ ಪೆನ್ಸಿಲಿನಿಂದ ದುಂಡಗೆ ಗುರುತು ಮಾಡಿ ಇಟ್ಟಿದ್ದ. ಕಾಸಿಂ ಡ್ರಿಲ್ ಎತ್ತಿದವನು ಕೆಳಗಿಟ್ಟ.

“ಅವನ ಕೈಯಿಂದ ಬರೆದದ್ದು ಕಾಕಾ. ನನಗ ಕೈ ಏಳವಲ್ದು.”

ಗೋಡೆಯಾಚೆಯಿಂದ ನೆರೆಮನೆಯ ಶಂಕರಲಿಂಗ ಇಣುಕಿದ. “ಏನ್ ಬಸವಣಪ್ಪಾ, ಮಂದಿ ದೋಣಿ ಒಳಗಿನ ನೀರ ಹೊರಗ ಚೆಲ್ಲತಾರ. ನೀ ತೂತ ಹಾಕಿ ಒಳಗ ತುಂಬಾಕತ್ತಿ?”

“ನಿನ್ನ ಟ್ರ್ಯಾಕ್ಟರಿನ ಹಿಂದಿನ ಗಾಲ್ಯಾಗ ಏನ್ ತುಂಬೀದಿ?”

“ನೀರು. ಭಾರ ಇರಲಿ, ಗಾಲಿ ಜಾರಬಾರದು ಅಂತ.”

“ಇದೂ ಭಾರ ಇರಲಿ ಅಂತನ. ಹೋಗು, ನಿನ್ನ ಎಮ್ಮಿ ಒದರಾಕತ್ತೈತಿ.”

ಡ್ರಿಲ್ ನಾನೇ ತೆಗೆದುಕೊಂಡೆ. ಗುರುತಿನ ಮೇಲೆ ಇಟ್ಟೆ. ಬಸವಣ್ಣನ ಹೆಸರು ಹೇಳಿ ಒತ್ತಿದೆ. ಫೈಬರಿನ ಬಿಳಿಯ ಪುಡಿ ನನ್ನ ಧೋತರದ ಮೇಲೆ ಉದುರಿತು. ಅದರೊಡನೆ ಮಗನ ಪೆನ್ಸಿಲಿನ ಗೆರೆಯೂ ಹೋಯಿತು. ಸ್ನೇಹಲ್ ಮುಖ ತಿರುಗಿಸಲಿಲ್ಲ. ವಾಲ್ವಿಗೆ ರಬ್ಬರು ಹಾಕಿ, ಅಂಟು ಬಳಿದು, ತಿರುಪು ಬಿಗಿದವಳು ಅವಳೇ.

ರವಿವಾರ ಮುಂಜಾನೆ ದೋಣಿಯನ್ನು ಕೆರೆಗೆ ಒಯ್ದೆವು. ದಂಡೆಯ ಮೇಲೆ ಊರಿನ ಅರ್ಧ ಮಂದಿ ಸೇರಿದ್ದರು. ಸ್ನೇಹಲ್ ನನ್ನಂತೆಯೇ ಹಣೆಗೆ ವಿಭೂತಿ ಧರಿಸಿ, ಮೈಗೆ ತೇಲುವ ಜಾಕೀಟು ತೊಟ್ಟಿದ್ದಳು. ಕೆಲವರು ಅದನ್ನು ನೋಡಿ ಕಿಸಕ್ಕನೆ ನಕ್ಕರು. ನಾನು ನಗುವವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದೆ.

ಪಂಪು ಗೊರ್ರೆಂದು ನೀರು ಎಳೆಯಿತು. ದೋಣಿಯ ಹಿಂಭಾಗ ಮೆಲ್ಲಗೆ ಕುಸಿಯಿತು. ಕಾಸಿಂ ಚುಕ್ಕಾಣಿ ಹಿಡಿದ. ಹಿಂದೆ ಮುಖ ಮಾಡಿ ಕೂತು, ಹಗ್ಗ ಹಿಡಿದವಳನ್ನು ನೋಡಿಕೊಳ್ಳುವ ಕೆಲಸ ನನ್ನದು. ದೋಣಿ ವೇಗ ಹಿಡಿಯುತ್ತಲೇ ಸ್ನೇಹಲ್ ಹಲಗೆಯ ಮೇಲೆ ಎದ್ದಳು. ಆದರೆ ತಿರುವಿನಲ್ಲಿ ದೋಣಿ ಒಂದೇ ಪಕ್ಕಕ್ಕೆ ವಾಲಿತು. ಪೆಟ್ಟಿಗೆಯೊಳಗೆ ಏನೋ ದಬದಬನೆ ಉರುಳಿತು. ಅಂಚು ದಾಟಿ ನೀರು ಒಳನುಗ್ಗಿ ನನ್ನ ಮೊಣಕಾಲನ್ನು ತೊಯ್ಯಿಸಿತು. ಸ್ನೇಹಲ್ ಹಗ್ಗ ಬಿಟ್ಟು ನೀರಿಗೆ ಬಿದ್ದಳು. ಕಾಸಿಂ ವೇಗ ಇಳಿಸಿ, ಅವಳನ್ನು ಹತ್ತಿಸಿಕೊಂಡು ದಂಡೆಗೆ ತಂದ.

ದಂಡೆಯ ಮೇಲೆ ಅಕ್ಕ ನಿಂತಿದ್ದಳು. ಯಾರೋ ಫೋನು ಮಾಡಿ ಹೇಳಿದ್ದರು. ಆಟೋ ಮಾಡಿಕೊಂಡು ಬಂದಿದ್ದಳು.

“ಮಗನ್ನ ಕಳಕೊಂಡಿ. ಸೊಸಿನ್ನೂ ಕೆರಿಗೆ ಕೊಡಾಕ ನಿಂತೀಯೇನು?”

ಸ್ನೇಹಲ್ ಯಾರ ಕಡೆಗೂ ನೋಡದೆ ಪೆಟ್ಟಿಗೆ ತೆರೆದು ಟ್ಯೂಬನ್ನು ಅಂಗೈಯಿಂದ ಒತ್ತಿದಳು. ಅದು ತೊಟ್ಟಿಲಿನಂತೆ ತೂಗಿತು.

“ಕಾಸಿಂ ಭಾಯಿ, ಇದರಾಗ ಗಾಳಿ ಬಿಟ್ಟೀರೇನು?”

“ಬಿಡಬೇಕಲ್ಲ ಭಾಬಿ. ಮುಕ್ಕಾಲು ನೀರು, ಮ್ಯಾಲ ಗಾಳಿ. ಟ್ರ್ಯಾಕ್ಟರಿಗೆ ಹಂಗ ತುಂಬೋದು. ಇಲ್ಲಂದ್ರ ಗಾಲಿ ತೆಗ್ಗಿಗೆ ಬಿದ್ದಾಗ ಟ್ಯೂಬ್ ಒಡೀತೈತಿ.”

“ಖರೆ ಐತಿ. ನಾನೂ ಹಂಗ ಹೇಳಿದ್ದೆ” ಎಂದೆ ನಾನು.

“ಕೆರ್ಯಾಗ ತೆಗ್ಗು ಎಲ್ಲೈತ್ರಿ ಮಾವಾರ?”

ಕಾಸಿಂ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹೊಲದಲ್ಲಿ ಜೀವ ಸವೆಸಿದವರಿಗೆ ನೀರಿನ ಮೇಲೂ ಹೊಲವೇ ಕಂಡಿತ್ತು. ಒಳಗೆ ಗಾಳಿಯಿದ್ದ ಜಾಗವೆಲ್ಲ ನೀರು ಓಡಾಡುವ ಜಾಗ. ತಿರುವಿನಲ್ಲಿ ಅದೆಲ್ಲ ಒಂದೇ ಕಡೆಗೆ ಓಡಿ ದೋಣಿಯನ್ನು ವಾಲಿಸಿತ್ತು.

ಟ್ಯೂಬಿನ ಗಾಳಿ ತುಂಬುವ ಬಾಯಿ ಮೇಲೆ ಬರುವಂತೆ ಹೊರಳಿಸಿ, ಅದರ ಪಿನ್ನು ತೆಗೆದೆವು. ಕಾಸಿಂ ಪಂಪು ಚಾಲೂ ಮಾಡಿದ. ಗಾಳಿ ಬುಸ್ಸೆಂದು ಹೊರಬಂತು. ಅದರ ಹಿಂದೆ ನೀರು ಕಾರಂಜಿಯಂತೆ ಚಿಮ್ಮಿ ಅವನ ಗಡ್ಡಕ್ಕೆ ಬಡಿಯಿತು. ಪಿನ್ನು ಬಿಗಿದೆವು. ಈಗ ಟ್ಯೂಬು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತು. ಇನ್ನೊಂದಕ್ಕೂ ಹಾಗೆಯೇ ಮಾಡಿದೆವು.

“ಮತ್ತ ಹೊಂಟಿ?” ಎಂದಳು ಅಕ್ಕ.

“ಹೊಂಟೇನಿ.”

ಈ ಸಲ ಕಾಸಿಂ ಮೊದಲು ಬರಿಯ ದೋಣಿಯನ್ನೇ ಎರಡೂ ಕಡೆಗೆ ತಿರುಗಿಸಿ ನೋಡಿದ. ವಾಲಲಿಲ್ಲ. ಆಮೇಲೆ ಸ್ನೇಹಲ್ ಹಗ್ಗ ಹಿಡಿದಳು. ದೋಣಿಯ ಬೆನ್ನ ಹಿಂದೆ ನೀರು ಮಡಚಿಕೊಂಡು, ನೇಗಿಲ ಹಿಂದೆ ಕರಿಮಣ್ಣು ಹೊರಳಿ ಏಳುವಂತೆ ಎದ್ದಿತು. ಅವಳು ಅಲೆಯ ಆಚೆಗೆ ಸರಿದು, ತಿರುಗಿ ಅದರ ಮೇಲೇರಿ, ಹಾರಿದಳು. ಗಾಳಿಯಲ್ಲಿ ಇದ್ದಷ್ಟು ಹೊತ್ತು ಅವಳ ಕೆಳಗೆ ಬರಿಯ ಬೆಳಕಿತ್ತು. ಇಳಿದಳು. ಮತ್ತೆ ಹಾರಿದಳು. ದಂಡೆಯ ಮೇಲೆ ನಗುತ್ತಿದ್ದವರು ನೀರಿನಂಚಿಗೆ ಬಂದಿದ್ದರು. ನಾನು ಅಳುತ್ತಿದ್ದೆ, ಹಿಂದೆ ಮುಖ ಮಾಡಿದ್ದರಿಂದ ಕಾಸಿಂಗೆ ಕಾಣಲಿಲ್ಲ.

ದೋಣಿ ದಂಡೆಗೆ ಬಂದಾಗ ಅಕ್ಕ ಆಟೋದಲ್ಲಿ ಕೂತಾಗಿತ್ತು. ಅವಳ ಕಣ್ಣುಗಳೂ ಒದ್ದೆಯಾಗಿದ್ದವು. ಆದರೂ ಮಾತು ಬದಲಿಸಲಿಲ್ಲ.

“ಮುಗೀತು ಬಸಣ್ಣಾ. ಇನ್ನ ನಿನ್ನ ಬಾಗಿಲಿಗೆ ಬರೂದಿಲ್ಲ.”

“ಬಾಗಿಲಾ ತೆರೆದೇ ಇರತೈತಿ ಅಕ್ಕಾ. ದೋಣಿನೂ ನೀರಾಗೇ ಇರತೈತಿ.”

ಆಟೋ ಹುಮನಾಬಾದಿನ ರಸ್ತೆ ಹಿಡಿಯಿತು. ನನ್ನನ್ನು ಎತ್ತಿ ಆಡಿಸಿದವಳು ಅವಳು. ಎದೆಯಲ್ಲಿ ನೋವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಕೂಗಿ ನಿಲ್ಲಿಸಲಿಲ್ಲ.

ಸ್ನೇಹಲ್ ಸೊಂಟದವರೆಗಿನ ನೀರಿನಲ್ಲಿ ನಿಂತು ನೋಡುತ್ತಿದ್ದಳು. “ಅತ್ತಿಯವರು ನನ್ನ ಸಲುವಾಗಿ ಹೋದ್ರೇನ್ರಿ ಮಾವಾರ?”

“ನಿನ್ನ ಸಲುವಾಗಿ ಅಲ್ಲವ್ವ, ನನ್ನ ಸಲುವಾಗಿ. ಹಗ್ಗ ಹಿಡಿ.”